ಹೊರಡುವ ಗಳಿಗೆಯ ಭಾರ

ಕಲಬುರಗಿ ಜಿಲ್ಲೆಯ ಪೂರ್ವ ಸೀಮೆಯಲ್ಲಿ, ಕಾಗಿಣಾ ನದಿಯು ಸೇಡಂ ಚಿತ್ತಾಪುರಗಳ ಬಯಲನ್ನು ಬಳಸಿ ಬಂದು ಶಹಾಬಾದಿನ ಬಳಿ ಭೀಮೆಯನ್ನು ಕೂಡಿಕೊಳ್ಳುವ ಪ್ರದೇಶದಲ್ಲಿ, ಬೇಸಾಯವೊಂದನ್ನು ಬಿಟ್ಟರೆ ಜನರ ಉದ್ಯೋಗವೆಲ್ಲವೂ ಬಹುಮಟ್ಟಿಗೆ ಒಂದೇ ಕಾರ್ಯದಲ್ಲಿ ಅಡಗಿದೆ: ಭಾರವಾದ ವಸ್ತುವನ್ನು ನೆಲದಿಂದ ಎಬ್ಬಿಸುವುದು, ಎಬ್ಬಿಸಿದುದನ್ನು ಬೇರೊಂದೆಡೆಗೆ ಸಾಗಿಸುವುದು. ಪದರಪದರವಾಗಿ ಬಿಡಿಸಿಕೊಳ್ಳುವ ಇಲ್ಲಿನ ಬೂದುಬಣ್ಣದ ಸುಣ್ಣಕಲ್ಲು ಶಹಾಬಾದ್ ಫರ್ಸಿಯೆಂಬ ಹೆಸರಿನಿಂದ ದಖ್ಖನದ ಅಸಂಖ್ಯ ಮನೆಗಳ ಪಡಸಾಲೆಗಳಲ್ಲಿ ಹಾಸಿಕೊಂಡಿದೆ. ಅದೇ ಶಿಲೆಯು ಪುಡಿಯಾಗಿ, ಬೆಂದು, 1968ರಿಂದ ವಾಡಿಯ ಎ.ಸಿ.ಸಿ. ಕಾರ್ಖಾನೆಯಲ್ಲಿಯೂ ಆಮೇಲೆ ಮಳಖೇಡ ಸೇಡಂಗಳ ಕಾರ್ಖಾನೆಗಳಲ್ಲಿಯೂ ಸಿಮೆಂಟಿನ ರೂಪವನ್ನು ತಾಳಿ ರೈಲುಗಾಡಿಯನ್ನೇರುತ್ತಿದೆ. ಈ ಸಾಗಾಟವು ನಿನ್ನೆ ಮೊನ್ನೆಯದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪಕ್ಕೆ ಹೊದಿಸಿದ್ದ ಶಿಲ್ಪಫಲಕಗಳೂ ಇದೇ ಸುಣ್ಣಕಲ್ಲಿನವು. ಅಶೋಕ ಚಕ್ರವರ್ತಿಯ ಪ್ರತಿಮೆಯನ್ನು ಹೆಸರುಸಹಿತವಾಗಿ ಕೆತ್ತಿದ ಫಲಕವೂ ಅವುಗಳಲ್ಲಿ ಒಂದು. ಆ ಫಲಕಗಳನ್ನು ಕಲ್ಲುಗಣಿಯಿಂದ ಸ್ತೂಪದ ತನಕ ತಂದವರೂ ಭಾರವನ್ನು ಮೊದಲ ಬಾರಿಗೆ ಕದಲಿಸುವ ಕಷ್ಟವನ್ನು ಚೆನ್ನಾಗಿ ಅನುಭವಿಸಿರಬೇಕು.

ಸಾಗಿಸುವುದರಲ್ಲಿ ಕಠಿಣವಾದ ಭಾಗವೆಂದರೆ ಹೊರಡುವುದು. ಒಮ್ಮೆ ಉರುಳತೊಡಗಿದ ಗಾಲಿಯು ತನ್ನ ಜಡತ್ವದ ನೆರವಿನಿಂದಲೇ ಮುಂದುವರಿಯುವುದು. ನಿಂತ ಗಾಲಿಯನ್ನು ಕದಲಿಸುವಾಗಲಾದರೋ ಎಂಜಿನು, ಚಕ್ರ, ನೆಲ, ಭಾರ ಇವುಗಳ ನಡುವಣ ಸಂಬಂಧದಲ್ಲಿರುವ ದೋಷಗಳೆಲ್ಲ ಒಟ್ಟಿಗೆ ಬೆಳಕಿಗೆ ಬರುತ್ತವೆ. ಚಿತ್ತಾಪುರ ಶಹಾಬಾದ್‌ಗಳ ನಡುವಣ ಯಾವುದೇ ಕಲ್ಲುಗಣಿಯ ಬಾಯಲ್ಲಿ ಸ್ವಲ್ಪ ಹೊತ್ತು ನಿಂತರೆ ಇದು ಗೋಚರಿಸುತ್ತದೆ. ಫರ್ಸಿಯನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ತುಂಬಿದ ಟ್ರಾಲಿಯನ್ನು ಕಟ್ಟಿಕೊಂಡು ಟ್ರ್ಯಾಕ್ಟರು ಗಣಿಯ ಏರನ್ನು ಹತ್ತತೊಡಗಿ, ಚಾಲಕನು ಕ್ಲಚ್ಚನ್ನು ಬಿಟ್ಟೊಡನೆ, ಹಿಂದಿನ ದೊಡ್ಡ ಗಾಲಿಗಳು ಮಣ್ಣನ್ನು ಕಚ್ಚಿ ನಿಲ್ಲುತ್ತವೆ, ಮುಂದಿನ ಸಣ್ಣ ಗಾಲಿಗಳೆರಡೂ ನೆಲವನ್ನು ಬಿಟ್ಟು ಮೇಲೇಳುತ್ತವೆ. ಆಗ ಸ್ಟೇರಿಂಗು ಇದ್ದೂ ಇಲ್ಲದಂತೆ. "ಮುಂದ ಹಗರಾಗ್ಯದ, ಇಬ್ಬರು ಮ್ಯಾಲ ಕುಂದ್ರಿ" ಎಂಬ ಕೂಗು ಏಳುವುದೂ, ಇಬ್ಬರು ಹಮಾಲರು ಬಾನೆಟ್ಟಿನ ಮೇಲೆ ಹತ್ತಿ ಕೂಡುವುದೂ ಇಂಥ ಸಮಯದಲ್ಲಿಯೇ. ಪ್ರಾಣಾಪಾಯದ ಉಪಾಯವಿದು, ಆದರೆ ಅದರೊಳಗಿನ ತರ್ಕವು ಅಚ್ಚುಕಟ್ಟಾದದ್ದು, ಮತ್ತು ಸಾವಿರಾರು ಮೈಲಿಗಳಾಚೆ ಕೋಟ್ಯಂತರ ರೂಪಾಯಿಗಳ ಓಟದ ಕಾರನ್ನು ಸಜ್ಜುಗೊಳಿಸುವ ಮೆಕ್ಯಾನಿಕ್ಕನ ತರ್ಕವೂ ಇದೇ.

ಆ ಕಾರಿನ ವಿಚಾರಕ್ಕೆ ಬರುವುದಕ್ಕೆ ಮೊದಲು ಟ್ರ್ಯಾಕ್ಟರಿನ ಲೆಕ್ಕವನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಅದು ನಮ್ಮ ಕಣ್ಣೆದುರಿನದು. 2,000 ಕಿಲೋ ತೂಕದ, ಹಿಂದುಮುಂದಿನ ಅಚ್ಚುಗಳ ನಡುವೆ 1.9 ಮೀಟರ್ ಅಂತರವುಳ್ಳ ಟ್ರ್ಯಾಕ್ಟರೊಂದನ್ನು ಭಾವಿಸೋಣ. ಸಮನೆಲದಲ್ಲಿ ಸುಮ್ಮನೆ ನಿಂತಾಗ ಅದರ ಮುಂದಿನ ಗಾಲಿಗಳ ಮೇಲೆ ಸುಮಾರು 750 ಕಿಲೋ ಭಾರವಿದ್ದೀತು. ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿರುವ ಕೊಂಡಿಯಿಂದ ಅದು 1,000 ಕಿಲೋ ಬಲದಿಂದ ಟ್ರಾಲಿಯನ್ನು ಎಳೆದರೆ, ಆ ಎಳೆತವೊಂದರಿಂದಲೇ ಮುಂದಿನ ಗಾಲಿಗಳು ಸುಮಾರು 263 ಕಿಲೋ ಹಗುರಾಗುತ್ತವೆ. ಎರಡೇ ಗಾಲಿಯ ಟ್ರಾಲಿಯಾದರೆ ತನ್ನ ಮೂಕಿಯ ಭಾರವನ್ನೂ ಅದು ಕೊಂಡಿಯ ಮೇಲೆ ಹೇರುವುದರಿಂದ, ಹಿಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಹಿಂದಕ್ಕೆ 800 ಕಿಲೋ ಕೂತಿತೆಂದರೆ ಮತ್ತೆ ಸುಮಾರು 253 ಕಿಲೋ ಹೋಯಿತು. ಎಂಟಕ್ಕೆ ಒಂದರಂತಿರುವ ಏರು ಇನ್ನೊಂದು ನೂರು ಕಿಲೋಗಳಷ್ಟನ್ನು ಹಿಂದಕ್ಕೆ ಸರಿಸುತ್ತದೆ. ಉಳಿದದ್ದು ಸುಮಾರು 134 ಕಿಲೋ. ಇಷ್ಟರಲ್ಲಿ ಗಾಡಿಯು ಹೇಗೋ ತಿರುಗೀತು. ಆದರೆ ಕೊಂಡಿಯನ್ನು ಯಾರಾದರೂ ತಮ್ಮ ಅನುಕೂಲಕ್ಕಾಗಿ 80 ಸೆಂಟಿಮೀಟರ್ ಎತ್ತರಕ್ಕೆ ಏರಿಸಿದರೆಂದಿಟ್ಟುಕೊಳ್ಳಿ. ಎಳೆತದ ಪಾಲು 263ರಿಂದ 421ಕ್ಕೆ ನೆಗೆದು, ಮೊತ್ತವು 750ನ್ನು ಮೀರಿ, ಮೂತಿ ಏಳಲೇಬೇಕಾಗುತ್ತದೆ. ಎಂಜಿನ್ನಿನ ಶಕ್ತಿಯಾಗಲಿ ಕಲ್ಲಿನ ತೂಕವಾಗಲಿ ಕಿಂಚಿತ್ತೂ ಹೆಚ್ಚಿಲ್ಲ. ಎಳೆತವು ಒಡಲಿಗೆ ತಗಲುವ ಎತ್ತರವೊಂದು ಬದಲಾಯಿತು, ಅಷ್ಟೆ.

ಎತ್ತಿನ ಬಂಡಿ ಹೂಡುತ್ತಿದ್ದ ನಮ್ಮ ಹಿರಿಯರಿಗೆ ಇದರ ಅರ್ಧಭಾಗವು ತಿಳಿದೇ ಇತ್ತು. ತೊಗರಿಯ ಚೀಲಗಳನ್ನು ಹೇರುವಾಗ ಮುಂಬಾರವಾದರೆ ಎತ್ತಿನ ಹೆಗಲು ಕುಸಿಯುವುದೆಂದೂ, ಹಿಂಬಾರವಾದರೆ ನೊಗವು ಮೇಲಕ್ಕೆದ್ದು ಕೊರಳಪಟ್ಟಿಯು ಎತ್ತಿನ ಕುತ್ತಿಗೆಯನ್ನು ಬಿಗಿಯುವುದೆಂದೂ ಅರಿತು, ಅಚ್ಚಿನ ಹಿಂದೆ ಮುಂದೆ ಒಂದೊಂದು ಚೀಲವನ್ನು ಸರಿಸಿ, ನೊಗವನ್ನು ಕೈಯಿಂದೆತ್ತಿ ನೋಡಿ, ತೂಗು ಸರಿಯಾಯಿತೆಂದ ಮೇಲೆಯೇ ಅವರು ಹೊರಡುತ್ತಿದ್ದರು. ಅವರಿಗೆ ತಿಳಿಯಬೇಕಾಗಿ ಬಾರದಿದ್ದ ಇನ್ನರ್ಧವೆಂದರೆ, ಚಕ್ರವೇ ಎಳೆಯುವ ಕರ್ತೃವಾದಾಗ ಒಡಲು ಹಿಂದಕ್ಕೆ ಮಗುಚಲು ಹವಣಿಸುತ್ತದೆಂಬುದು. ಬಂಡಿಯಲ್ಲಿ ಎಳೆಯುವವನು ಮುಂದೆ ಇದ್ದನು; ಟ್ರ್ಯಾಕ್ಟರಿನಲ್ಲಿ ಅವನು ಹಿಂದಿನ ಅಚ್ಚಿನೊಳಗೆ ಹೊಕ್ಕನು.

ಈ ಹೊಕ್ಕಾಟದ ಬೆಲೆಯನ್ನು ಮೊದಲು ತೆತ್ತವರು ಅಮೆರಿಕದ ರೈತರು. 1917ರಲ್ಲಿ ಹೆನ್ರಿ ಫೋರ್ಡನು ಹೊರತಂದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವೂ ಹಗುರವೂ ಆಗಿತ್ತು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿದಾಗ ಹಿಂದಕ್ಕೆ ಮಗುಚಿ ಚಾಲಕನನ್ನು ತನ್ನ ಕೆಳಗೆ ಹಾಕಿಕೊಳ್ಳುವುದಕ್ಕೂ ಅದು ಕುಖ್ಯಾತವಾಯಿತು. ಹಿಂದಿನ ಮಡ್‌ಗಾರ್ಡುಗಳ ಬಾಲವನ್ನು ಉದ್ದಮಾಡಿ, ಮಗುಚುವ ಮುನ್ನ ಅವು ನೆಲಕ್ಕೆ ಊರುವಂತೆ ಮಾಡುವ ಉಪಾಯವನ್ನು ಕಂಪನಿಯು ಆಮೇಲೆ ಹೂಡಿತು. ಇಂದಿನ ಓಟದ ಕಾರುಗಳ ಹಿಂಬದಿಯಲ್ಲಿ ಚಾಚಿಕೊಂಡಿರುವ, ತುದಿಯಲ್ಲಿ ಪುಟ್ಟ ಗಾಲಿಗಳುಳ್ಳ ಸಲಾಕೆಗಳು ಮಾಡುವುದೂ ಇದೇ ಕೆಲಸವನ್ನು. ಆದರೆ ರೋಗದ ಮೂಲಕ್ಕೆ ಕೈಹಾಕಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ನೇಗಿಲನ್ನು ಕೊಂಡಿಯಿಂದ ಎಳೆಯದೆ, ಕೆಳಗೆ ಎರಡು ಮೇಲೆ ಒಂದು ಹೀಗೆ ಮೂರು ತೋಳುಗಳಿಂದ ಅದನ್ನು ಟ್ರ್ಯಾಕ್ಟರಿನ ಒಡಲಿಗೆ ಜೋಡಿಸಿದನು. 1939ರ ಫೋರ್ಡ್ 9ಎನ್ ಮಾದರಿಯೊಂದಿಗೆ ಆ ಏರ್ಪಾಡು ಲೋಕಪ್ರಸಿದ್ಧವಾಯಿತು. 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಟ್ಯಾಫೆ ಸಂಸ್ಥೆಯ ಮೆಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರುಗಳ ಮೂಲಕ ಅವನ ಹೆಸರು ನಮ್ಮ ಹೊಲಗಳಿಗೂ ಬಂದಿತು. ಆ ಮೂರು ತೋಳುಗಳ ಗೆರೆಗಳನ್ನು ಕಲ್ಪನೆಯಲ್ಲಿ ಮುಂದಕ್ಕೆ ಎಳೆದರೆ ಅವು ಟ್ರ್ಯಾಕ್ಟರಿನ ಮುಂಭಾಗದಲ್ಲಿ ಎಲ್ಲೋ ಒಂದೆಡೆ ಸಂಧಿಸುತ್ತವೆ. ಅಲ್ಲಿ ಕಬ್ಬಿಣವಿಲ್ಲ, ಬೋಲ್ಟಿಲ್ಲ, ಏನೂ ಇಲ್ಲ. ಆದರೂ ನೇಗಿಲು ಆ ಅದೃಶ್ಯಬಿಂದುವಿಗೇ ಕಟ್ಟಲ್ಪಟ್ಟಂತೆ ವರ್ತಿಸುತ್ತದೆ. ಮೇಲಿನ ತೋಳು ಎಂಜಿನ್ನಿನ ಕಡೆಗೆ ಒತ್ತುವುದರಿಂದ ಮೂತಿಯು ಏಳುವ ಬದಲಿಗೆ ನೆಲವನ್ನು ಹಿಡಿಯುತ್ತದೆ. ಈ ಅದೃಶ್ಯಬಿಂದುವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಕಾರಿನ ಸಸ್ಪೆನ್ಷನ್ನಿನ ರಹಸ್ಯವೆಲ್ಲ ಅದರ ಸುತ್ತಲೇ ತಿರುಗುವುದು.

ವಾಡಿಯನ್ನು ದಾಟಿ ಹೋಗುವಾಗ ಅಲ್ಲಿನ ರೈಲುನಿಲ್ದಾಣವನ್ನು ಕಾಣದೆ ಹೋಗುವುದು ಅನ್ಯಾಯವಾದೀತು. ಮುಂಬಯಿಯಿಂದ ರಾಯಚೂರಿಗೆ ಬಂದು 1871ರಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡ ದಾರಿಗೆ, 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಸೇರಿದ್ದು ಇಲ್ಲಿಯೇ. ಇಲ್ಲಿಂದ ಸಿಮೆಂಟಿನ ವ್ಯಾಗನುಗಳ ಸಾಲನ್ನು ಎಳೆದು ಹೊರಡುವ ಡಬ್ಲ್ಯುಎಜಿ-9 ವರ್ಗದ ಎಲೆಕ್ಟ್ರಿಕ್ ಎಂಜಿನು 123 ಟನ್ ತೂಗುತ್ತದೆ, ಆರು ಅಚ್ಚುಗಳ ಮೇಲೆ ನಿಲ್ಲುತ್ತದೆ. ಕೊಂಡಿಯು ಹಳಿಯಿಂದ ಒಂದು ಮೀಟರಿಗಿಂತ ತುಸು ಎತ್ತರದಲ್ಲಿರುವುದರಿಂದ, ಹೊರಡುವಾಗ ಈ ಭೂಧರದಂಥ ಯಂತ್ರದ ಮುಂದಿನ ಅಚ್ಚುಗಳೂ ಹಗುರಾಗುತ್ತವೆ. ಮೊದಲು ಜಾರುವುವು ಅವೇ. ಜಾರದಂತೆ ಹಳಿಯ ಮೇಲೆ ಮರಳನ್ನು ಉದುರಿಸುವುದು ಪುರಾತನ ಪದ್ಧತಿ. ಮುಂದಿನ ಅಚ್ಚುಗಳ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಆ ಹೊತ್ತಿಗೆ ತಗ್ಗಿಸುವುದು ಆಮೇಲಿನ ಪದ್ಧತಿ. ಬೋಗಿಯಿಂದ ಒಡಲಿಗೆ ಎಳೆತವನ್ನು ಒಪ್ಪಿಸುವ ದಂಡವನ್ನು ಸಾಧ್ಯವಾದಷ್ಟು ತಗ್ಗಿನಲ್ಲಿ ಜೋಡಿಸಿ, ಒಂದೇ ಬೋಗಿಯ ಅಚ್ಚುಗಳ ನಡುವೆ ಭಾರವು ಏರುಪೇರಾಗದಂತೆ ಮಾಡುವುದು ಇಂದಿನ ಪದ್ಧತಿ. ಹೀಗೆ ರೈಲಿನವರೂ ರೈತರೂ ಭಾರವು ಹಿಂದಕ್ಕೆ ಸರಿಯುವುದನ್ನು ಒಂದು ಪೀಡೆಯೆಂದೇ ಎಣಿಸಿ ಅದರೊಡನೆ ಸೆಣಸುತ್ತ ಬಂದಿದ್ದಾರೆ.

ಡ್ರ್ಯಾಗ್ ಓಟದವನು ಮಾತ್ರ ಅದನ್ನು ಆಹ್ವಾನಿಸುತ್ತಾನೆ. ನಿಂತಲ್ಲಿಂದ ಹೊರಟು ನೇರವಾದ ಕಾಲುಮೈಲಿಯನ್ನು, ಎಂದರೆ 402 ಮೀಟರುಗಳನ್ನು, ಯಾರು ಬೇಗ ಮುಗಿಸುವರೆಂಬುದಷ್ಟೇ ಈ ಸ್ಪರ್ಧೆಯ ವಿಷಯ. ತಿರುವಿಲ್ಲ, ಏರಿಲ್ಲ, ಎರಡನೆಯ ಸುತ್ತಿಲ್ಲ. 1951ರಲ್ಲಿ ಅಮೆರಿಕದಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವು ಹುಟ್ಟಿ ಬೀದಿಯ ಓಟವನ್ನು ನಿಯಮಕ್ಕೆ ಒಳಪಡಿಸಿದ ಮೇಲೆ ಇದೊಂದು ಶಾಸ್ತ್ರವಾಗಿ ಬೆಳೆಯಿತು. ನಮ್ಮ ದೇಶದಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಥದಲ್ಲಿಯೂ, ಬೆಂಗಳೂರಿನ ಜಕ್ಕೂರು ವಿಮಾನನೆಲೆಯ ಓಡುದಾರಿಯಲ್ಲಿಯೂ ಇಂಥ ಪಂದ್ಯಗಳು ನಡೆದಿವೆ. ಕಲಬುರಗಿಯಲ್ಲಾಗಲಿ ಸೇಡಮಿನಲ್ಲಾಗಲಿ ಅಂಥ ಪಥವಿಲ್ಲ. ಆದರೆ ಚಾಲಕನಿಗೆ ಬೇಕಾದ ಪ್ರಥಮ ಪಾಠವನ್ನು ಗಣಿಯ ಏರಿನಲ್ಲಿ ನಾವು ಈಗಾಗಲೇ ಕಲಿತಿದ್ದೇವೆ.

ಪಾಠವಿಷ್ಟು. ಗಾಲಿಯು ನೆಲವನ್ನು ಹಿಡಿಯುವ ಶಕ್ತಿಯು ಅದರ ಮೇಲಿರುವ ಭಾರವನ್ನು ಅವಲಂಬಿಸಿದೆ; ಹಿಂದಿನ ಗಾಲಿಗಳು ಎಳೆಯುವ ಕಾರಿನಲ್ಲಿ ಹೊರಡುವ ಗಳಿಗೆಗೆ ಆದಷ್ಟು ಭಾರವು ಹಿಂದೆಯೇ ಇರತಕ್ಕದ್ದು. 1,200 ಕಿಲೋ ತೂಕ, 2.5 ಮೀಟರ್ ಅಚ್ಚಿನಂತರ, ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಗುರುತ್ವಕೇಂದ್ರ ಉಳ್ಳ ಕಾರೊಂದು, ಮೇಲಿನಿಂದ ಬೀಳುವ ಕಲ್ಲಿನಷ್ಟೇ ವೇಗೋತ್ಕರ್ಷದಿಂದ ಹೊರಟಿತೆಂದರೆ, 240 ಕಿಲೋ ಭಾರವು ಮುಂದಿನಿಂದ ಹಿಂದಕ್ಕೆ ದಾಟುತ್ತದೆ. ಈ ಮೊತ್ತವನ್ನು ನಿರ್ಣಯಿಸುವುದು ತೂಕ, ಎತ್ತರ, ಉದ್ದ, ವೇಗೋತ್ಕರ್ಷ ಈ ನಾಲ್ಕೇ. ಸ್ಪ್ರಿಂಗುಗಳಾಗಲಿ ಶಾಕ್ ಅಬ್ಸಾರ್ಬರುಗಳಾಗಲಿ ಹೊಸದಾಗಿ ಒಂದು ಕಿಲೋ ಭಾರವನ್ನೂ ಸೃಷ್ಟಿಸಲಾರವು. ಮೂತಿಯೆತ್ತಿ ಹಿಂಭಾಗ ಕುಸಿದ ಕಾರನ್ನು ಕಂಡು, ಅದು ಹೆಚ್ಚು ಕುಸಿದಷ್ಟೂ ಹಿಂದಿನ ಗಾಲಿಗಳಿಗೆ ಹೆಚ್ಚು ಭಾರ ಸಿಕ್ಕಿತೆಂದು ನಂಬುವವರು ಬಹಳ. ಈ ನಂಬಿಕೆ ಹುಸಿ. ಕುಸಿತವು ಕಣ್ಣಿಗೆ ಕಾಣುವ ಚಲನೆ, ಭಾರವು ಕಾಣದ ಬಲ. ಎರಡೂ ಒಂದೇ ಅಲ್ಲ. ಹಾಗಾದರೆ ಸಸ್ಪೆನ್ಷನ್ನಿನಿಂದ ಪ್ರಯೋಜನವೇನು? ಭಾರವು ಎಷ್ಟು ಬೇಗ ದಾಟಬೇಕು, ಯಾವ ಕ್ರಮದಲ್ಲಿ ದಾಟಬೇಕು, ದಾಟಿದ್ದು ಎಡಬಲ ಗಾಲಿಗಳಿಗೆ ಸಮನಾಗಿ ಹಂಚಿಹೋಗಬೇಕೆ, ಟೈರಿಗೆ ಅದು ಒತ್ತಾಗಿ ತಗಲಬೇಕೆ ಗುದ್ದಾಗಿ ತಗಲಬೇಕೆ ಎಂಬುದನ್ನೆಲ್ಲ ನಿರ್ಣಯಿಸುವುದು ಸಸ್ಪೆನ್ಷನ್. ಓಟದ ಮೊದಲ ಅರೆಸೆಕೆಂಡಿನಲ್ಲಿ ಇದೇ ಸರ್ವಸ್ವ.

ಮೊದಲು ಮುಂಭಾಗ. ಇಲ್ಲಿ ಉದ್ದವಾದ, ಮೆತ್ತನೆಯ ಸ್ಪ್ರಿಂಗುಗಳನ್ನು ಹಾಕುತ್ತಾರೆ. ಅವು ಕಾರಿನ ಭಾರದಿಂದ ಬಹಳವಾಗಿ ಅಮುಕಿಕೊಂಡಿರುತ್ತವೆಯಾದ್ದರಿಂದ, ಭಾರವು ಸರಿಯತೊಡಗಿದೊಡನೆ ಹಿಗ್ಗಿ ಮೂತಿಯನ್ನು ಮೇಲಕ್ಕೆ ತಳ್ಳುತ್ತವೆ. ಶಾಕ್ ಅಬ್ಸಾರ್ಬರು ಹಿಗ್ಗುವ ದಿಕ್ಕಿನಲ್ಲಿ ಸಡಿಲವಾಗಿಯೂ ಕುಗ್ಗುವ ದಿಕ್ಕಿನಲ್ಲಿ ಬಿಗಿಯಾಗಿಯೂ ಇರಬೇಕು. ಹಳೆಯ ಓಟಗಾರರು ಹತ್ತರಲ್ಲಿ ಒಂಬತ್ತು ಪಾಲು ತಡೆಯನ್ನು ಕುಗ್ಗುವಿಕೆಗೂ ಒಂದೇ ಪಾಲನ್ನು ಹಿಗ್ಗುವಿಕೆಗೂ ಇಟ್ಟ ಶಾಕ್‌ಗಳನ್ನು ಹುಡುಕಿ ತರುತ್ತಿದ್ದರು. ಮೂತಿಯು ಸರಾಗವಾಗಿ ಏಳುವುದು, ನಿಧಾನವಾಗಿ ಇಳಿಯುವುದು ಇದರ ಫಲ. ಆದರೆ ಏಳುವುದಕ್ಕೂ ಮಿತಿಯುಂಟು. ಮೂತಿ ಬಹುದೂರ ಎದ್ದು, ಸಸ್ಪೆನ್ಷನ್ನಿನ ತುದಿಗೆ ಧಡಕ್ಕನೆ ತಗಲಿ, ಗಾಲಿಗಳನ್ನು ಎತ್ತಿಕೊಂಡು ಹೋದರೆ ಆ ಹೊಡೆತವು ಹಿಂದಿನ ಟೈರಿಗೂ ತಲುಪಿ ಅದರ ಹಿಡಿತವನ್ನು ಬಿಡಿಸೀತು. ಆದುದರಿಂದ ಬಲವಾದ ಪಟ್ಟಿಯನ್ನೋ ತಂತಿಹಗ್ಗವನ್ನೋ ಕಟ್ಟಿ ಏಳುವ ಎತ್ತರವನ್ನು ಮಿತಗೊಳಿಸುತ್ತಾರೆ. ಎಂಜಿನ್ನು ಬಲಿಷ್ಠವಾದಷ್ಟೂ ಈ ಮಿತಿಯನ್ನು ಕಿರಿದುಗೊಳಿಸುವರು. ದುರ್ಬಲ ಎಂಜಿನ್ನಿನ ಕಾರಿಗೆ ಮೂತಿಯ ಸಂಚಾರ ಧಾರಾಳವಾಗಿರಬೇಕು, ಪ್ರಬಲನಿಗೆ ಬೇಡ.

ಹಿಂಭಾಗದಲ್ಲಿ ಪಾಂಡಿತ್ಯಕ್ಕೆ ಹೆಚ್ಚು ಅವಕಾಶ. ಲಾರಿಗಳಲ್ಲಿರುವಂಥ ಕಮಾನುಪಟ್ಟಿಗಳುಳ್ಳ ಹಳೆಯ ಕಾರಾದರೆ, ಎಂಜಿನ್ನಿನ ತಿರುಚುಬಲಕ್ಕೆ ಅಚ್ಚೇ ತಿರುಗಲು ಯತ್ನಿಸಿ, ಪಟ್ಟಿಯು ಹಾವಿನಂತೆ ಬಳುಕಿ, ಮರುಕ್ಷಣ ಬಿಚ್ಚಿಕೊಂಡು, ಗಾಲಿಯು ನೆಲದ ಮೇಲೆ ಕುಪ್ಪಳಿಸುವುದು. ಅದನ್ನು ತಡೆಯಲು ಪಟ್ಟಿಯ ಕೆಳಗೆ ಗಟ್ಟಿಯಾದ ಸಲಾಕೆಯನ್ನು ಬಿಗಿಯುತ್ತಾರೆ. ಓಟಕ್ಕೆಂದೇ ಕಟ್ಟಿದ ಕಾರಿನಲ್ಲಾದರೋ ಅಚ್ಚನ್ನು ಒಡಲಿಗೆ ಜೋಡಿಸುವುದು ನಾಲ್ಕು ದಂಡಗಳು, ಪಕ್ಕಕ್ಕೆ ಎರಡರಂತೆ. ಪ್ರತಿಯೊಂದರ ತುದಿಯಲ್ಲಿಯೂ ಹಲವು ತೂತುಗಳು. ಯಾವ ತೂತಿಗೆ ಬೋಲ್ಟು ಹಾಕಬೇಕೆಂಬುದರ ಮೇಲೆ ಮಾರುಗಟ್ಟಲೆ ವಾದ ನಡೆಯುತ್ತದೆ. ಪಕ್ಕದಿಂದ ನೋಡಿ ಮೇಲಿನ ದಂಡ ಕೆಳಗಿನ ದಂಡಗಳ ಗೆರೆಗಳನ್ನು ಮುಂದಕ್ಕೆ ಎಳೆದರೆ ಅವು ಕೂಡುವ ಸ್ಥಳವೇ ಫರ್ಗ್ಯೂಸನ್ನನ ಅದೃಶ್ಯಬಿಂದು. ಗಾಲಿಗಳ ತಳ್ಳುವಿಕೆಯು ಒಡಲಿಗೆ ಈ ಬಿಂದುವಿನಲ್ಲಿ ತಗಲಿದಂತಾಗುತ್ತದೆ. ಈಗ ಇನ್ನೊಂದು ಗೆರೆಯನ್ನು ಕಲ್ಪಿಸಿಕೊಳ್ಳಿ: ಹಿಂದಿನ ಟೈರು ನೆಲವನ್ನು ಮುಟ್ಟುವ ಜಾಗದಿಂದ ಹೊರಟು, ಮುಂದಿನ ಅಚ್ಚಿನ ನೇರಕ್ಕೆ ಬರುವಾಗ ಗುರುತ್ವಕೇಂದ್ರದಷ್ಟು ಎತ್ತರವನ್ನು ಮುಟ್ಟುವ ಗೆರೆ. ನಮ್ಮ ಉದಾಹರಣೆಯ ಕಾರಿನಲ್ಲಿ ಅದು ಐದಕ್ಕೆ ಒಂದರಂತೆ ಏರುತ್ತದೆ. ಅದೃಶ್ಯಬಿಂದುವು ಈ ಗೆರೆಯ ಮೇಲೆಯೇ ಇದ್ದರೆ, ಉದಾಹರಣೆಗೆ ಹಿಂದಿನ ಅಚ್ಚಿನಿಂದ 1.25 ಮೀಟರ್ ಮುಂದೆ 25 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಹೊರಡುವಾಗ ಹಿಂಭಾಗವು ಏಳುವುದೂ ಇಲ್ಲ, ಕುಸಿಯುವುದೂ ಇಲ್ಲ. ಗೆರೆಗಿಂತ ಕೆಳಗಿದ್ದರೆ ಕುಸಿಯುತ್ತದೆ. ಮೇಲಿದ್ದರೆ ಒಡಲು ಅಚ್ಚಿನಿಂದ ಮೇಲಕ್ಕೆ ಸಿಡಿಯುತ್ತದೆ. ಒಡಲು ಮೇಲಕ್ಕೆ ಹೋಗುವ ಪ್ರತಿಕ್ರಿಯೆಯಾಗಿ ಟೈರು ನೆಲಕ್ಕೆ ಒತ್ತಲ್ಪಡುತ್ತದೆ.

ಈ ಒತ್ತು ಓಟಗಾರನಿಗೆ ಪ್ರಿಯವಾದದ್ದು. ಆದರೆ ಅದು ಸಾಲವಾಗಿ ತಂದ ಒತ್ತೆಂಬುದನ್ನು ಮರೆಯುವವರು ಕೆಡುತ್ತಾರೆ. ಒಡಲು ಮೇಲಕ್ಕೆ ವೇಗ ಪಡೆಯುತ್ತಿರುವಷ್ಟು ಹೊತ್ತು ಮಾತ್ರ ಟೈರಿನ ಮೇಲೆ ಹೆಚ್ಚಿನ ಬಲವಿರುತ್ತದೆ. ಒಡಲು ಏರಿ ನಿಲ್ಲುವ ಹೊತ್ತಿಗೆ ಆ ಬಲವು ಮಾಯವಾಗಿ ಅಷ್ಟೇ ಪ್ರಮಾಣದ ಕೊರತೆಯು ಬಂದು ನಿಲ್ಲುತ್ತದೆ. ಆಗ ಟೈರು ಜಾರುವುದು. ಈ ವಸೂಲಿಯನ್ನು ಕಂತುಗಳಲ್ಲಿ ಆಗುವಂತೆ ಮಾಡುವುದೇ ಹಿಂದಿನ ಶಾಕ್ ಅಬ್ಸಾರ್ಬರಿನ ಕೆಲಸ. ಅದರ ಹಿಗ್ಗುವ ತಡೆಯನ್ನು ಹೆಚ್ಚಿಸಿದರೆ ಒಡಲು ಮೆಲ್ಲನೆ ಏಳುತ್ತದೆ, ಒತ್ತು ಸೌಮ್ಯವಾಗಿ ಬಹುಕಾಲ ನಿಲ್ಲುತ್ತದೆ. ಸಡಿಲಿಸಿದರೆ ಗುದ್ದು ಬಲವಾಗಿ ತಗಲಿ ಬೇಗ ಮುಗಿಯುತ್ತದೆ. ಅಂಟು ಸಿಂಪಡಿಸಿದ ಪಥಕ್ಕೆ ಒಂದು ರೀತಿ, ವಿಮಾನನೆಲೆಯ ಒಣ ಕಾಂಕ್ರೀಟಿಗೆ ಇನ್ನೊಂದು ರೀತಿ. ಟೈರು ಕೂಡ ಇಲ್ಲಿ ಒಂದು ಸ್ಪ್ರಿಂಗೇ ಸರಿ: ಓಟದ ನುಣುಪು ಟೈರಿನಲ್ಲಿ, ರಸ್ತೆಯ ಕಾರಿನಂತೆ 30 ಪೌಂಡ್ ಗಾಳಿಯಲ್ಲ, ಹತ್ತು ಹದಿನೈದು ಪೌಂಡ್ ಮಾತ್ರ ಇರುವುದರಿಂದ, ಹೊರಡುವಾಗ ಅದರ ಪಕ್ಕೆಗಳು ಸುಕ್ಕುಗಟ್ಟಿ ಗುದ್ದನ್ನು ನುಂಗುತ್ತವೆ.

ಎಡಬಲಗಳ ಜಗಳವೊಂದು ಉಳಿಯಿತು. ಎಂಜಿನ್ನಿನಿಂದ ಹಿಂದಕ್ಕೆ ಹೋಗುವ ಉದ್ದದ ದಂಡವು ತಿರುಗುವಾಗ ಅಚ್ಚನ್ನೂ ತನ್ನೊಡನೆ ತಿರುಚಲು ಯತ್ನಿಸಿ, ಎಡಗಾಲಿಯನ್ನು ನೆಲಕ್ಕೆ ಒತ್ತಿ ಬಲಗಾಲಿಯನ್ನು ಎತ್ತುತ್ತದೆ. ಒಡಲು ಅದಕ್ಕೆ ವಿರುದ್ಧವಾಗಿ ಬಲಕ್ಕೆ ವಾಲುತ್ತದೆ. ಕಾರು ನೇರವಾಗಿ ಹೋಗದೆ ಪಕ್ಕಕ್ಕೆ ಎಳೆಯುವುದು ಇದರಿಂದಲೇ. ಹಿಂದೆ ಬಲಗಡೆಯ ಸ್ಪ್ರಿಂಗಿನೊಳಗೆ ರಬ್ಬರಿನ ಗಾಳಿಚೀಲವನ್ನಿಟ್ಟು ಬಲಗಾಲಿಗೆ ಮುಂಚಿತವಾಗಿಯೇ ಸ್ವಲ್ಪ ಒತ್ತನ್ನು ಕೊಡುವುದು ಬೀದಿಯ ಗ್ಯಾರೇಜುಗಳಲ್ಲಿಯೂ ಸಾಧ್ಯವಾಗುವ ಪರಿಹಾರ. ಎರಡೂ ಗಾಲಿಗಳನ್ನು ಕಟ್ಟಿಹಾಕುವ ದಪ್ಪನೆಯ ಆಂಟಿ-ರೋಲ್ ಬಾರನ್ನು ಜೋಡಿಸುವುದು ಉತ್ತಮವಾದ ಪರಿಹಾರ. ಇದನ್ನೆಲ್ಲ ಮಾಡುವುದಕ್ಕೆ ಮೊದಲು ಚಾಲಕನನ್ನು ಸೀಟಿನಲ್ಲಿ ಕೂರಿಸಿ, ಪೆಟ್ರೋಲು ತುಂಬಿ, ನಾಲ್ಕು ಗಾಲಿಗಳ ಕೆಳಗೆ ನಾಲ್ಕು ತಕ್ಕಡಿಗಳನ್ನಿಟ್ಟು ತೂಗಬೇಕು. ತೂಗದೆ ತೂತು ಬದಲಿಸುವವನು ಕಣ್ಣುಕಟ್ಟಿಕೊಂಡು ಬಾಣ ಬಿಡುವವನು. ತೂಗಿದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ, ಮೊದಲ 18 ಮೀಟರುಗಳ ಕಾಲವನ್ನು ಬರೆದಿಟ್ಟುಕೊಂಡು, ಟೈರು ಬಿಟ್ಟ ಕರಿಯ ಗುರುತನ್ನೂ ನಿಧಾನಗತಿಯ ವಿಡಿಯೋವನ್ನೂ ಜೋಡಿಸಿ ಓದಬೇಕು. ಈ 18 ಮೀಟರುಗಳಲ್ಲಿ ಒಂದು ಹತ್ತಾಂಶ ಸೆಕೆಂಡನ್ನು ಉಳಿಸಿದವನಿಗೆ ಕೊನೆಯ ಗೆರೆಯಲ್ಲಿ ಒಂದೂವರೆಯಿಂದ ಎರಡು ಹತ್ತಾಂಶ ಸಿಕ್ಕುವುದೆಂಬುದು ಓಟಗಾರರ ರೂಢಿಯ ಲೆಕ್ಕ.

ಇನ್ನು ವ್ಹೀಲಿಯ, ಎಂದರೆ ಮುಂದಿನ ಗಾಲಿಗಳನ್ನು ಎತ್ತಿಕೊಂಡು ಓಡುವುದರ, ವಿಷಯ. ಪ್ರೇಕ್ಷಕರು ಟಿಕೆಟ್ಟಿಗೆ ಹಣ ಕೊಡುವುದು ಇದಕ್ಕಾಗಿಯೇ. ಹಿಂದಿನ ಅಚ್ಚಿನಿಂದ ಗುರುತ್ವಕೇಂದ್ರಕ್ಕಿರುವ ದೂರವನ್ನು ಅದರ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ವೇಗೋತ್ಕರ್ಷವು ಮುಟ್ಟಿದ ಗಳಿಗೆಯಲ್ಲಿ ಮುಂದಿನ ಗಾಲಿಗಳು ನೆಲವನ್ನು ಬಿಡುತ್ತವೆ. ನಮ್ಮ ಕಾರಿನ ಭಾರ ಎರಡು ಕಡೆಗೂ ಸಮವಾಗಿದ್ದರೆ ಅದು ಎರಡೂವರೆ. ಎಂದರೆ ಗುರುತ್ವದ ಎರಡೂವರೆ ಪಟ್ಟು. ಡಾಂಬರು ರಸ್ತೆಯಲ್ಲಿ ಸಾಧಾರಣ ಟೈರಿನ ಹಿಡಿತವು ಒಂದು ಪಟ್ಟನ್ನು ಮುಟ್ಟುವ ಮುನ್ನವೇ ಸೋಲುವುದರಿಂದ, ಮನೆಯ ಮುಂದೆ ನಿಂತ ಕಾರು ಎಷ್ಟೇ ಎಂಜಿನ್ ಹಾಕಿದರೂ ಮೂತಿಯೆತ್ತಲಾರದು, ಸುಮ್ಮನೆ ಹೊಗೆಯೆಬ್ಬಿಸೀತು. 1965ರಲ್ಲಿ ಕ್ರೈಸ್ಲರ್ ಕಂಪನಿಯವರು ಓಟದ ಕಾರುಗಳ ಹಿಂದಿನ ಅಚ್ಚನ್ನು 15 ಅಂಗುಲ, ಮುಂದಿನ ಅಚ್ಚನ್ನು 10 ಅಂಗುಲ ಮುಂದಕ್ಕೆ ಸರಿಸಿ ಭಾರವನ್ನು ಹಿಂದಿನ ಗಾಲಿಗಳ ಮೇಲೆ ಕೂರಿಸಿದ್ದು ಈ ಸಂಖ್ಯೆಯನ್ನು ತಗ್ಗಿಸುವುದಕ್ಕೇ. ಅದೇ ಕಾಲದಲ್ಲಿ, ಎಂಜಿನ್ನನ್ನು ಹಿಂದಕ್ಕೆ ಸರಿಸಿದ 'ಲಿಟಲ್ ರೆಡ್ ವ್ಯಾಗನ್' ಎಂಬ ಡಾಡ್ಜ್ ಪಿಕಪ್ ಗಾಡಿಯು ಓಟದಲ್ಲಿ ಗೆಲ್ಲಲೆಂದು ಹುಟ್ಟಿ, ಹಿಂದಿನ ಗಾಲಿಗಳ ಮೇಲೆ ನಿಂತೇ ಓಡುವ ಅಭ್ಯಾಸವನ್ನು ಬಿಡಲಾರದೆ, ಕಡೆಗೆ ಪ್ರದರ್ಶನದ ವಸ್ತುವಾಯಿತು. ಅದರ ಚಾಲಕ ಬಿಲ್ ಗೋಲ್ಡನ್ ಅದರಿಂದಲೇ ಪ್ರಖ್ಯಾತನಾದನು.

ಓಟದ ಗಡಿಯಾರಕ್ಕೆ ಮಾತ್ರ ಈ ಪ್ರಖ್ಯಾತಿಯಿಂದ ಕಾಸಿನ ಲಾಭವಿಲ್ಲ. ಮುಂದಿನ ಗಾಲಿಗಳು ನೆಲದಿಂದ ಒಂದೆರಡು ಅಂಗುಲ ಎದ್ದರೂ ಒಂದು ಗಜ ಎದ್ದರೂ ಹಿಂದಿನ ಗಾಲಿಗಳ ಮೇಲಿರುವುದು ಕಾರಿನ ಪೂರ್ಣ ಭಾರವೇ. ಅದಕ್ಕಿಂತ ಹೆಚ್ಚಿನದು ಎಲ್ಲಿಂದಲೂ ಬರುವಂತಿಲ್ಲ. ಆಮೇಲೆ ಎಂಜಿನ್ ಹಾಕುವ ಬಲದಲ್ಲಿ ಮಿಕ್ಕದ್ದೆಲ್ಲ ಒಡಲನ್ನು ತಿರುಗಿಸುವುದಕ್ಕೆ ವ್ಯಯವಾಗುವುದು. ಮೂತಿ ಎದ್ದು ಗುರುತ್ವಕೇಂದ್ರವು ಮೇಲಕ್ಕೂ ಹಿಂದಕ್ಕೂ ಹೋದಂತೆ ಮತ್ತಷ್ಟು ಏಳುವುದು ಸುಲಭವಾಗುತ್ತ, ಚಾಲಕನು ಆಕ್ಸಿಲರೇಟರಿನಿಂದ ಕಾಲು ತೆಗೆಯಲೇಬೇಕಾಗುತ್ತದೆ. ಕಾಲು ತೆಗೆದನೋ, ಎದುರಾಳಿಯು ದಾಟಿಹೋದನು, ಮೇಲಿದ್ದ ಮೂತಿಯೂ ನೆಲಕ್ಕೆ ಅಪ್ಪಳಿಸಿತು. ಆದುದರಿಂದ ನಿಪುಣನಾದವನು ಬಯಸುವುದು ಮುಂದಿನ ಟೈರುಗಳಡಿ ಪತ್ರಿಕೆಯೊಂದನ್ನು ತೂರಿಸುವಷ್ಟು ಅವಕಾಶವನ್ನು ಮಾತ್ರ. ಮಿಕ್ಕದ್ದನ್ನು ಹಿಂದಿನ ವ್ಹೀಲಿ ಸಲಾಕೆ ತಡೆಯಬೇಕು. ಆ ಸಲಾಕೆಯು ತೀರ ತಗ್ಗಿನಲ್ಲಿದ್ದರೆ, ಹಿಂದಿನ ಗಾಲಿಗಳ ಮೇಲೆ ಇರಬೇಕಾದ ಭಾರವನ್ನು ತನ್ನ ಪುಟ್ಟ ಗಾಲಿಗಳ ಮೇಲೆ ತೆಗೆದುಕೊಂಡು ಮಾಡಿದ ಶ್ರಮವನ್ನೆಲ್ಲ ವ್ಯರ್ಥಗೊಳಿಸುತ್ತದೆ. ಸಲಾಕೆಯ ಭರವಸೆಯಲ್ಲಿ ಓಡುವವನ ಸಸ್ಪೆನ್ಷನ್ ಎಲ್ಲೋ ಕೆಟ್ಟಿದೆಯೆಂದೇ ನನ್ನ ಅಭಿಪ್ರಾಯ.

ಈ ವಿದ್ಯೆಯ ತುತ್ತತುದಿಯಲ್ಲಿರುವ ಟಾಪ್ ಫ್ಯುಯಲ್ ಕಾರಿನಲ್ಲಿ ಸಸ್ಪೆನ್ಷನ್ನೇ ಇಲ್ಲವೆಂಬುದು ಒಂದು ವಿನೋದ. ಹಿಂದಿನ ಅಚ್ಚನ್ನು ಚೌಕಟ್ಟಿಗೆ ನೇರವಾಗಿ ಬಿಗಿದಿರುತ್ತಾರೆ. ಬಾಗುವ ಉದ್ದನೆಯ ಕೊಳವೆಗಳೂ ಸುಕ್ಕುಗಟ್ಟುವ ಟೈರುಗಳೂ ಸ್ಪ್ರಿಂಗಿನ ಕೆಲಸವನ್ನು ನಿರ್ವಹಿಸುತ್ತವೆ. ಗುರುತ್ವದ ನಾಲ್ಕು ಪಟ್ಟಿಗೂ ಮಿಕ್ಕ ವೇಗೋತ್ಕರ್ಷವನ್ನು ತಾಳಿಕೊಳ್ಳಲು ಅದರ ಅಚ್ಚುಗಳ ನಡುವೆ 7.62 ಮೀಟರ್ ಅಂತರವನ್ನಿಟ್ಟಿದ್ದಾರೆ. ಮಲಗಿದ ತಾಳೆಮರದಂಥ ಈ ಆಕಾರಕ್ಕೆ ಸೌಂದರ್ಯದೃಷ್ಟಿಯು ಕಾರಣವಲ್ಲ. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಓಟಗಾರನು ಮಡಿದ ಮೇಲೆ ಈ ವರ್ಗದ ಓಟವನ್ನು ಕಾಲುಮೈಲಿಯಿಂದ 1,000 ಅಡಿಗೆ ಇಳಿಸಿದರು.

ನಮ್ಮ ದೇಶದ ಪಂದ್ಯಗಳಲ್ಲಿ ಕಾಣಸಿಗುವ ಕಾರುಗಳಲ್ಲಿ ಬಹುಪಾಲು ಮುಂದಿನ ಗಾಲಿಗಳಿಂದ ಎಳೆಯುವಂಥವು. ಅವುಗಳಿಗೆ ಮೇಲೆ ಹೇಳಿದ್ದೆಲ್ಲ ತಲೆಕೆಳಗು. ಭಾರವು ಹಿಂದಕ್ಕೆ ಓಡಿಹೋದಷ್ಟೂ ಎಳೆಯುವ ಗಾಲಿ ಬಡವಾಗುವುದರಿಂದ, ಹಿಂದಿನ ಸ್ಪ್ರಿಂಗುಗಳನ್ನು ಕಲ್ಲಿನಂತೆ ಬಿಗಿಮಾಡಿ, ಮುಂದಿನ ಶಾಕ್‌ಗಳನ್ನು ಹಿಗ್ಗದಂತೆ ಕಟ್ಟಿ, ಮೂತಿಯನ್ನು ನೆಲಕ್ಕೆ ಹಿಡಿದಿಡಲು ಹೆಣಗುತ್ತಾರೆ. ಬಾನೆಟ್ಟಿನ ಮೇಲೆ ಕೂತ ಹಮಾಲರ ಪಕ್ಷವೇ ಇವರದೂ.

ಮೋಟಾರ್‌ಸೈಕಲ್ಲು ಇನ್ನೂ ಕಷ್ಟದ್ದು. ಅಚ್ಚುಗಳ ಅಂತರ 1.3 ಮೀಟರ್, ಸವಾರನನ್ನು ಕೂಡಿಕೊಂಡ ಗುರುತ್ವಕೇಂದ್ರದ ಎತ್ತರ ಸುಮಾರು 65 ಸೆಂಟಿಮೀಟರ್, ಹಿಂದಿನ ಅಚ್ಚಿನಿಂದ ಅದರ ದೂರವೂ ಹೆಚ್ಚುಕಡಿಮೆ ಅಷ್ಟೇ. ಭಾಗಿಸಿದರೆ ಬರುವುದು ಒಂದು. ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಟೈರಿಗೆ ಇದು ದಕ್ಕುವ ಸಂಖ್ಯೆಯಾದ್ದರಿಂದಲೇ ಬಲವಾದ ಬೈಕು ಅನಾಯಾಸವಾಗಿ ಮುಂದಿನ ಗಾಲಿಯನ್ನೆತ್ತುತ್ತದೆ, ಮತ್ತು ನಮ್ಮ ಊರುಗಳ ತರುಣರು ವ್ಹೀಲಿಂಗ್ ಎಂಬ ಹೆಸರಿನಲ್ಲಿ ಸೇಡಂ ರಸ್ತೆಯಂಥ ನೇರ ದಾರಿಗಳಲ್ಲಿ ಇದನ್ನೇ ಪೌರುಷವೆಂದು ತೋರಿಸಿ ಪೊಲೀಸರ ಕೈಗೆ ಸಿಕ್ಕುತ್ತಾರೆ. ಡ್ರ್ಯಾಗ್ ಪಥದ ಬೈಕನ್ನು ಅವರು ಒಮ್ಮೆ ಹತ್ತಿರದಿಂದ ನೋಡಬೇಕು: ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನು ಅಡಿಗಟ್ಟಲೆ ಉದ್ದಮಾಡಿ, ಒಡಲನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಮುಂದಿನ ಫೋರ್ಕನ್ನು ಸಾಮಾನು ಬಿಗಿಯುವಂಥದೇ ಒಂದು ಪಟ್ಟಿಯಿಂದ ಕೆಳಕ್ಕೆ ಜಗ್ಗಿ ಕಟ್ಟಿ, ಸವಾರನನ್ನು ಟ್ಯಾಂಕಿನ ಮೇಲೆ ಬೋರಲಾಗಿ ಮಲಗಿಸಿ, ಗಾಲಿಯು ಏಳದಂತೆ ಮಾಡಬಹುದಾದ ಪ್ರಯತ್ನವನ್ನೆಲ್ಲ ಮಾಡಿರುತ್ತಾರೆ. ಅದರಲ್ಲಿ ಸ್ವಿಂಗ್ ಆರ್ಮಿಗೆ ವೆಲ್ಡಿಂಗ್ ಬೇಕು, ಎಂಜಿನ್ನಿಗೆ ಲಕ್ಷಗಳು ಬೇಕು. ಫೋರ್ಕಿನ ಪಟ್ಟಿಯೊಂದು ಮಾತ್ರ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಕ್ಕೀತು, ಮತ್ತು ಮೊದಲ 18 ಮೀಟರುಗಳಲ್ಲಿ ಅದರಷ್ಟು ಅಗ್ಗವಾಗಿ ಕಾಲವನ್ನು ಉಳಿಸಿಕೊಡುವ ಇನ್ನೊಂದು ಸಾಮಗ್ರಿಯನ್ನು ನಾನು ಕಾಣೆ.